ಕಾಕಾನ ಗಿಡ್ಡ ಪಾನಾ

ಬೆಳಗಾವಿಯ ಹಾರ್ಡ್‌ವೇರ್ ಅಂಗಡಿಯವರೆಲ್ಲ ಒಂದು ಕಾಲಕ್ಕೆ ಒಬ್ಬನೇ ಒಬ್ಬ ಗಿರಾಕಿಗೆ ಹೆದರಿಕೊಂಡು ವ್ಯಾಪಾರ ಮಾಡುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಆತ ಉದ್ರಿ ಕೇಳುವವನಲ್ಲ, ದನಿ ಏರಿಸುವವನೂ ಅಲ್ಲ. ಬಿಳಿ ಧೋತರ, ಕರಿ ಟೊಪ್ಪಿಗೆ, ಕಂಕುಳಲ್ಲೊಂದು ಕೊಡೆ. ನಗುನಗುತ್ತಲೇ ಬರುತ್ತಿದ್ದ, ನಮಸ್ಕಾರ ಹೇಳುತ್ತಿದ್ದ, ಆಮೇಲೆ ಅಂಗಡಿಯ ನೆಲದ ಮೇಲೆ ಕುಳಿತು ಎಡಗಾಲನ್ನು ಬಾಗಿಲಿನವರೆಗೆ ಚಾಚಿಬಿಡುತ್ತಿದ್ದ! ಉಳಿದ ಗಿರಾಕಿಗಳು ಆ ಕಾಲನ್ನು ದಾಟಿಯೇ ಒಳಗೆ ಬರಬೇಕು. ದೂರದಲ್ಲಿ ಆ ಟೊಪ್ಪಿಗೆ ಕಂಡರೆ ಸಾಕು, "ಮಾಲಕರು ಊರಾಗಿಲ್ರಿ" ಎಂದು ಮಾಲಕರೇ ಹೇಳುತ್ತಿದ್ದರಂತೆ. ಹೇಳಿಕೊಳ್ಳಲು ಹೆಮ್ಮೆಯೋ ಸಂಕೋಚವೋ ನನಗಿನ್ನೂ ತಿಳಿದಿಲ್ಲ, ಆತ ನಮ್ಮ ಕಾಕಾ. ನಮ್ಮಪ್ಪನ ಖಾಸಾ ತಮ್ಮ.

ಹಿರಿಯರನ್ನು ಏಕವಚನದಲ್ಲಿ ಬರೆಯುತ್ತಾಳಲ್ಲ ಎಂದು ಸಿಟ್ಟಾಗಬೇಡಿ. ನಮ್ಮ ಮನೆಯಲ್ಲಿ ಕಾಕಾನಿಗೆ ಯಾರಾದರೂ ಬಹುವಚನ ಬಳಸಿದರೆಂದರೆ ಜಗಳ ಶುರುವಾಯಿತೆಂದೇ ಅರ್ಥ. ಅವನ ಹೆಂಡತಿ, ನಮ್ಮ ಕಾಕು ಒಬ್ಬಳೇ ಅವನಿಗೆ 'ರೀ' ಹಚ್ಚಿ ಮಾತಾಡುವವಳು, ಹಚ್ಚಿಕೊಂಡೇ ದಿನವೂ ಜಗಳ ಆಡುವವಳು.

ಕಾಕಾನದು ಖಾನಾಪುರದಲ್ಲಿ ಬಟ್ಟೆ ಅಂಗಡಿ. ಜೀವನವಿಡೀ ಬಟ್ಟೆ ಅಳೆದೂ ಅಳೆದೂ ಏನು ಕಂಡರೂ ಅಳೆಯುವ ಚಟ ಹತ್ತಿಬಿಟ್ಟಿತ್ತು. ಹೆಣ್ಣು ನೋಡಲು ನಂದಗಡಕ್ಕೆ ಹೋದಾಗ ಹೆಣ್ಣಿನ ಮುಖ ಸರಿಯಾಗಿ ನೋಡಲಿಲ್ಲ, ಬಾಗಿಲಿನ ಪರದೆಯನ್ನು ಮಾತ್ರ ಗೇಣು ಹಾಕಿ ಅಳೆದು, "ಬಟ್ಟಿ ಕಡಿಮಿ ಬಿದ್ದೈತಿ" ಎಂದು ಹೇಳಿ ಬಂದನಂತೆ. ಇದು ಕಾಕು ಹೇಳುವ ಕಥೆ. ಕಾಕಾನನ್ನು ಕೇಳಿದರೆ, "ಪರದೆ ಖರೇನ ಕಡಿಮಿ ಬಿದ್ದಿತ್ತು" ಎನ್ನುತ್ತಾನೆ!

ಇಂಥ ಕಾಕಾನ ಸಂಸಾರದಲ್ಲಿ ಒಂದು ಮಳೆಗಾಲ ಕಾಕು ಬಚ್ಚಲಲ್ಲಿ ಜಾರಿ ಬಿದ್ದಳು. ಎಡಮೊಣಕಾಲು ಮುರಿಯಿತು. ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿದರು, ಬಿಚ್ಚಿದರು, ಎಲುಬು ಚೆನ್ನಾಗಿ ಕೂಡಿತು. ಆದರೆ ಮೊಣಕಾಲು ಮಾತ್ರ ಬಾಗಲೊಲ್ಲದು. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಕಾಕು ಎರಡು ದಿನ ಮಾಡಿ, "ಬಾಗೂ ಸ್ವಭಾವ ನನ್ನ ತಲಿಗೂ ಇಲ್ಲ, ಕಾಲಿಗೂ ಇಲ್ಲ" ಎಂದು ಬಿಟ್ಟುಬಿಟ್ಟಳು.

ಬಾಗದ ಕಾಲಿಟ್ಟುಕೊಂಡು ಬಸ್ಸು ಹತ್ತುವುದು ಹೇಗೆ? ಹತ್ತಿದರೂ ಆ ಸೀಟಿನ ಸಂದಿಯಲ್ಲಿ ಕೂಡುವುದು ಹೇಗೆ? ಆಟೋದಲ್ಲಿ ಕೂಡಿಸಿದರೆ ಕಾಲು ಹೊರಗೆ ಉಳಿಯುತ್ತದೆ. ಕಬ್ಬಿಣದ ಸಳಿ ಹೇರಿದ ಗಾಡಿಯವರು ಹೊರಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಾರಲ್ಲ, ನಮ್ಮ ಕಾಕಾ ಅಂಗಡಿಯಿಂದ ಕೆಂಪು ಬಟ್ಟೆಯ ತುಂಡು ತಂದು ಕಾಕೂನ ಹೆಬ್ಬೆರಳಿಗೆ ಕಟ್ಟಿಯೇಬಿಟ್ಟ! ಬಸ್‌ಸ್ಟ್ಯಾಂಡಿನ ಎದುರು, ನಾಲ್ಕು ಮಂದಿ ನೋಡುವಾಗ! ಕಾಕು ಆ ಬಟ್ಟೆ ಕಿತ್ತು ಅವನ ಮುಖದ ಮೇಲೆ ಎಸೆದು ಆಟೋದಿಂದ ಇಳಿದಳು. ಮತ್ತೆ ಆಟೋ ಹತ್ತಲಿಲ್ಲ.

ಆಗ ಕಾಕಾ ತನ್ನ ಹಳೇ ಸ್ಕೂಟರಿಗೆ ಬಾಜುವಿನಲ್ಲಿ ಒಂದು ಸೈಡ್‌ಕಾರ್ ಹಚ್ಚಿಸಿದ. ಒಂದೇ ಗಾಲಿಯ, ದೋಣಿಯಂಥ ಡಬ್ಬಿ. ಅದರಲ್ಲಿ ಕಾಲು ಉದ್ದಕ್ಕೆ ಚಾಚಿ ರಾಣಿಯಂತೆ ಕೂಡಬಹುದು. "ಈ ವಯಸ್ಸಿನಾಗ ತೊಟ್ಟಿಲಾಗ ಕೂಡೂ ನಸೀಬು ಬಂತು" ಎಂದು ಗೊಣಗುತ್ತಲೇ ಕಾಕು ಕುಳಿತಳು. ಕುಳಿತವಳಿಗೆ ಅದು ಬಲು ಸೇರಿತು. ಅವಳ ತವರು ನಂದಗಡ, ಅರ್ಧ ತಾಸಿನ ದಾರಿ. ಎಂಬತ್ತು ದಾಟಿದ ತಾಯಿ ಅಲ್ಲಿ ಮೊಮ್ಮಕ್ಕಳ ನಡುವೆ ಕುಳಿತು ಮಗಳಿಗಾಗಿ ಶೇಂಗಾ ಚಟ್ನಿ ಕುಟ್ಟಿಸಿ ಇಟ್ಟಿರುತ್ತಿದ್ದಳು. ವಾರಕ್ಕೊಮ್ಮೆ ಹೋಗದಿದ್ದರೆ ತಾಯಿಗೂ ಸಮಾಧಾನವಿಲ್ಲ, ಮಗಳಿಗೂ ಇಲ್ಲ.

ಒಂದು ರವಿವಾರ ಹೊರಡುವಾಗ ಕಾಕು ಕೇಳಿದಳು, "ಯಾಕೋ ಕಟಕಟ ಅನ್ನಾಕತ್ತೈತಿ. ಗಟ್ಟಿ ಐತೇನ್ರಿ?"

ಕಾಕಾ ತಿರುಗಿಯೂ ನೋಡದೆ, "ಐತಿ ಬಾ" ಎಂದ.

ನಂದಗಡದ ಹಾದಿಯ ಒಂದು ತಿರುವಿನಲ್ಲಿ ಸೈಡ್‌ಕಾರನ್ನು ಸ್ಕೂಟರಿಗೆ ಹಿಡಿದಿಟ್ಟ ನಟ್ಟು ಕಳಚಿತು. ಕಾಕಾ ಬಲಕ್ಕೆ ಹೊರಟ, ಕಾಕು ಎಡಕ್ಕೆ ಹೊರಟಳು! ಅಷ್ಟು ವರ್ಷದ ದಾಂಪತ್ಯದಲ್ಲಿ ಇಬ್ಬರೂ ಬೇರೆ ದಾರಿ ಹಿಡಿದದ್ದು ಅದೇ ಮೊದಲು. ಪುಣ್ಯಕ್ಕೆ ಕೆಳಗಿನ ಹಿಡಿಕೆ ಹರಿಯಲಿಲ್ಲ, ಡಬ್ಬಿ ಗದ್ದೆಯ ಬದುವಿಗೆ ಮೂಗು ಹಚ್ಚಿ ನಿಂತಿತು. ಗಾಯವೇನೂ ಆಗಲಿಲ್ಲ. ಆದರೆ ಕಾಕು ಹೊಟ್ಟು ಹೇರಿದ ಟೆಂಪೋದಲ್ಲಿ ಅಂಗಾತ ಮಲಗಿ ಮನೆಗೆ ಬಂದಳು, ದೇವರಿಗೆ ಕೈ ಮುಗಿದಳು, ಆಮೇಲೆ ಹೇಳಿದಳು: "ಇನ್ನ ಆ ತೊಟ್ಟಿಲಾಗ ನಾ ಕುಂದ್ರಂಗಿಲ್ಲ."

ಹಾಗೆಂದವಳು ಓಣಿ ಬಿಟ್ಟು ಆಚೆ ಕಾಲಿಡಲಿಲ್ಲ. ನಂದಗಡದಿಂದ ಚಟ್ನಿ ಬರುತ್ತಿತ್ತು, ತಾಯಿಯ ಮುಖ ಬರಲು ಸಾಧ್ಯವೇ? ಕಾಕು ಚಟ್ನಿಯ ಡಬ್ಬಿ ಬಿಚ್ಚಿ ಮೂಸಿ ನೋಡಿ ಸುಮ್ಮನೆ ಮುಚ್ಚಿಡುತ್ತಿದ್ದಳು.

ಕಾಕಾನ ಪಾನಾ ಹುಡುಕಾಟ ಶುರುವಾದದ್ದು ಆಗಲೇ. ಕೆಲವರು ಸ್ಪ್ಯಾನರ್ ಎನ್ನುವುದನ್ನು ನಮ್ಮ ಕಡೆ ಪಾನಾ ಎನ್ನುತ್ತೇವೆ. ನಟ್ಟು ಕೂತಿರುವುದು ಸ್ಕೂಟರಿಗೂ ಸೈಡ್‌ಕಾರಿಗೂ ನಡುವಿನ ಇಕ್ಕಟ್ಟಿನ ಸಂದಿಯಲ್ಲಿ. ಅಲ್ಲಿ ಉದ್ದ ಪಾನಾ ತಿರುಗುವುದಿಲ್ಲವಂತೆ, ನೆಟ್ಟಗಿನ ಪಾನಾ ಒಳಗೆ ಹೋಗುವುದೇ ಇಲ್ಲವಂತೆ. ಬೇಕಾದದ್ದು ಕುತ್ತಿಗೆ ಬಾಗಿದ, ಗಿಡ್ಡ, ಹಗುರ ಪಾನಾ. ಮೇಲಾಗಿ ಸೋವಿಯೂ ಇರಬೇಕು!

"ಯಾರಾದ್ರೂ ಮಿಸ್ತ್ರಿಗೆ ತೋರ್ಸಬಾರ್ದೇನು ಕಾಕಾ?" ಎಂದು ನಾನು ಕೇಳಿದೆ.

"ಆ ಸಂದ್ಯಾಗ ಯಾವ ಮಿಸ್ತ್ರಿ ಕೈನೂ ಹೋಗಂಗಿಲ್ಲವಾ" ಎಂದು ತಲೆ ಅಲ್ಲಾಡಿಸಿದ.

ಒಳಗಿನಿಂದ ಕಾಕೂನ ದನಿ: "ನನ್ನ ಕಾಲು ಬಾಗವಲ್ದು, ಇವರಿಗೆ ಬಾಗಿದ್ದ ಪಾನಾ ಬೇಕಂತ! ದೇವರು ಅದಲು ಬದಲು ಮಾಡಿ ಕೊಟ್ಟಾನ ನೋಡು!"

ನನ್ನ ಮನೆ ಖಾಸಬಾಗದಲ್ಲಿ. ಹೀಗಾಗಿ ಬೆಳಗಾವಿಯ ದಂಡಯಾತ್ರೆಗೆ ಅದೇ ಠಾಣ್ಯವಾಯಿತು. ಬೆಳಗಿನ ಬಸ್ಸಿಗೆ ಕಾಕಾ ಬರುತ್ತಿದ್ದ, ನನ್ನ ಕೈಯ ಅವಲಕ್ಕಿ ತಿಂದು ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದ. ಕಿಸೆಯಲ್ಲಿ ಎರಡೇ ಸಾಮಾನು: ಆ ಅಳತೆಯ ಇನ್ನೊಂದು ನಟ್ಟು, ಮತ್ತು ಕಾಕು ಎಸೆದಿದ್ದ ಕೆಂಪು ಬಟ್ಟೆಯಿಂದ ಕತ್ತರಿಸಿದ ಒಂದು ಪಟ್ಟಿ. ಅಂಗಡಿಯವರು ಪಾನಾ ಕೊಟ್ಟರೆ ಮೊದಲು ನಟ್ಟಿಗೆ ಹಾಕಿ ನೋಡುವುದು. ಆಮೇಲೆ ಕೆಂಪು ಪಟ್ಟಿಯ ಪಕ್ಕ ಇಟ್ಟು ನೋಡುವುದು. ಒಂದು ಕಾಳಿನಷ್ಟು ಉದ್ದವಾದರೂ "ಬ್ಯಾಡ". ಇಷ್ಟೂ ದಾಟಿ ಬಂತೆಂದರೆ ನೆಲಕ್ಕೆ ಕುಳಿತು, ಕಾಲು ಚಾಚಿ, ಬಲಗೈಯನ್ನು ಪಕ್ಕದ ಸ್ಟೂಲಿನ ಕೆಳಗೆ ತೂರಿಸಿ ಗಾಳಿಯಲ್ಲಿ ನಟ್ಟು ತಿರುಗಿಸುವುದು! ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಬಣ್ಣದ ಡಬ್ಬಿಗಳ ಹೆಸರು ಓದುತ್ತ ನಿಲ್ಲುತ್ತಿದ್ದೆ.

ಒಂದು ಅಂಗಡಿಯಲ್ಲಿ ಬಾಗಿದ ಪಾನಾ ಸಿಕ್ಕಿತು, ಆದರೆ ಬಿಡಿಯಾಗಿ ಕೊಡುವುದಿಲ್ಲವಂತೆ.

"ಪೂರಾ ಸೆಟ್ ತಗೋಬೇಕ್ರಿ ಯಜಮಾನ್ರ."

"ನಂದು ಒಂದ ನಟ್ಟು ಐತೋ ತಮ್ಮಾ."

"ಇದು ಕಂಪನಿ ರೂಲ್ರಿ."

"ನನ್ನ ಅಂಗಡಿಗೆ ಬಾ. ಟಾವೆಲ್ ಕೇಳಿದ್ರ ಧೋತರ, ಸೀರಿ, ಗಾದಿ, ಪರದೆ ಎಲ್ಲಾ ಸೇರ್ಸಿ ಕಟ್ಟತೀನಿ. ನಂದೂ ಕಂಪನಿನ!"

ಅಂಗಡಿಯವನು ನಕ್ಕ. ಪಾನಾ ಮಾತ್ರ ಕೊಡಲಿಲ್ಲ.

ಖಾಸಬಾಗದ ರವಿವಾರದ ಸಂತೆಯಲ್ಲಿ ನಡೆದದ್ದು ಇನ್ನೂ ದೊಡ್ಡ ಪ್ರಹಸನ. ಒಬ್ಬ ಗೋಣಿತಟ್ಟಿನ ಮೇಲೆ ಹಳೇ ಕಬ್ಬಿಣ ಹರವಿಕೊಂಡು ಕೂತಿದ್ದ. ರಾಶಿಯಲ್ಲಿ ಕುತ್ತಿಗೆ ಬಾಗಿದ ಒಂದು ಪಾನಾ ಇಣುಕುತ್ತಿತ್ತು. ಕಾಕಾನದೊಂದು ಸಿದ್ಧಾಂತವಿದೆ: ನಮ್ಮ ಊರಲ್ಲಿ ಮಾರುವವನ ಮನೆಮಾತಿನಲ್ಲಿ ಕೇಳಿದರೆ ಬೆಲೆ ತಾನಾಗಿ ಇಳಿಯುತ್ತದೆ. ಆ ಮನುಷ್ಯನ ಪೇಟಾ ನೋಡಿ ಮರಾಠಿಯವನೆಂದು ಊಹಿಸಿ, "ಹಾ ಪಾನಾ ಕೇವಢ್ಯಾಲಾ ಭಾವು?" ಎಂದು ಸವಿಯಾಗಿ ಬೆಲೆ ಕೇಳಿದ. ಆತ ಕನ್ನಡದಲ್ಲಿ ಬೆಲೆ ಹೇಳಿದ. ಓಹೋ, ಕನ್ನಡದವನೆಂದು ಕಾಕಾ ಕನ್ನಡಕ್ಕೆ ಹೊರಳಿದ. ಅಷ್ಟರಲ್ಲಿ, ಓಹೋ, ಗಿರಾಕಿ ಮರಾಠಿಯವನೆಂದು ಆತ ಮರಾಠಿಗೆ ಹೊರಳಿದ. ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಇಬ್ಬರೂ ಒಂದು ಭಾಷೆಯಲ್ಲಿ ಸಂಧಿಸಲೇ ಇಲ್ಲ!

ಇತ್ತ ಬಿಸಿಲು ಹಳದಿಯಾಗುತ್ತಿತ್ತು. ನಾವು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಸಂಜೆಯ ಚೌಕಾಸಿಯಲ್ಲಿ ನಮ್ಮವರು ಸೋಲುವುದು ಇದರಿಂದಲೇ. ಕಾಕಾ ಒಂದು ಕಣ್ಣು ಪಾನಾದ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ ಇಟ್ಟಿದ್ದ. ಬೆಲೆ ಇಳಿಯಲಿಲ್ಲ, ಸೂರ್ಯ ಇಳಿಯುತ್ತಲೇ ಇದ್ದ. ಕೊನೆಗೆ ನಮ್ಮ ಒದ್ದಾಟ ನೋಡಲಾರದೆ ಆತನೇ, "ತಗೋರಿ, ನಿಮ್ಮ ಮಾತ ಇರ್ಲಿ" ಎಂದು ಪಾನಾ ಕೈಗಿಟ್ಟ. ಕಾಕಾ ಶಾಂತವಾಗಿ ಕಿಸೆಯಿಂದ ಕೆಂಪು ಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದ.

"ಎರಡು ಬಟ್ಟು ಉದ್ದ ಆತು. ಬ್ಯಾಡ."

ಆತ ಎದ್ದೇ ನಿಂತ. "ಎರಡ ಭಾಷಾದಾಗ ತಲಿ ತಿಂದ್ರೆಲ್ಲ ಯಜಮಾನ್ರ, ಒಂದರಾಗರ ಮೊದ್ಲ ಹೇಳಬಾರ್ದೇನು!"

ಕಾಕಾನ ಫಜೀತಿ ನೋಡಿ ನಮ್ಮ ಮನೆಯವರು ಒಂದು ಉಪಾಯ ಹೇಳಿದರು. ಉದ್ದ ಪಾನಾವನ್ನೇ ಕತ್ತರಿಸಿ, ಕಾಯಿಸಿ, ಬಾಗಿಸಿದರಾಯಿತಲ್ಲ? ಕಾಕಾ ಖಾನಾಪುರದ ಕುಲುಮೆಯಲ್ಲಿ ಹಾಗೆಯೇ ಮಾಡಿಸಿದ. ಬಾಗಿತು, ಗಿಡ್ಡವೂ ಆಯಿತು, ಆದರೆ ಬೆಂಕಿ ಕುಡಿದ ಕಬ್ಬಿಣ ಮೆತ್ತಗಾಗಿ ಮೊದಲ ಜಗ್ಗಿಗೇ ಹಲ್ಲು ಕಿಸಿಯಿತು. ಅದು ಸೀದಾ ಅಡಿಗೆಮನೆ ಸೇರಿತು.

"ನಟ್ಟಿಗೆ ಉಪಯೋಗ ಇಲ್ಲ, ಆದ್ರ ಬೆಲ್ಲದ ಪೆಂಟಿ ಚೊಲೋ ಒಡಿತೈತಿ" ಎಂದು ಕಾಕು ಸರ್ಟಿಫಿಕೇಟು ಕೊಟ್ಟಳು. "ಇನ್ನೊಂದು ಮಾಡಸ್ರಿ, ಕಾಯಿ ಒಡ್ಯಾಕ ಆಗತೈತಿ."

ನಗುವಾಗಲೂ ಅವಳು ಕಿಟಕಿಯಾಚೆ ನಿಂತ ಸೈಡ್‌ಕಾರಿನತ್ತ ನೋಡುತ್ತಿರಲಿಲ್ಲ. ಅದರ ಮೇಲೆ ಕಾಕಾ ಹಳೇ ಚಾದರ ಹೊದಿಸಿದ್ದ. ಆ ವಾರ ನಂದಗಡದಿಂದ ಚಟ್ನಿಯೂ ಬಂದಿರಲಿಲ್ಲ. ಮುದುಕಿಗೆ ನೆಗಡಿ ಜ್ವರವೆಂದು ಸುದ್ದಿ ಮಾತ್ರ ಬಂದಿತ್ತು. ಕಾಕು ನೆರೆಯವರ ಮನೆಯ ಫೋನಿನಲ್ಲಿ ತಾಯಿಯ ಜೊತೆ ಮಾತಾಡಿ ಬಂದು, ಅಕ್ಕಿ ಆರಿಸುತ್ತ ಕುಳಿತಳು. ಕಾಕಾನೂ ಅವತ್ತು ಏನೂ ಅಳೆಯಲಿಲ್ಲ.

ಮುಂದಿನ ವಾರ ಕಾಕಾ ಮಾಲು ತರಲು ಬೆಳಗಾವಿಗೆ ಬಂದ. ಖಾಸಬಾಗದಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಒಬ್ಬ ನೇಕಾರರ ಮಗ್ಗದ ಮನೆ. ಕಾಕಾನ ಅಂಗಡಿಗೆ ಸೀರೆ ಬರುವುದು ಮೊದಲಿನಿಂದಲೂ ಅಲ್ಲಿಂದಲೇ. ಸೀರೆ ನೋಡುವ ಆಸೆಗೆ ನಾನೂ ಹೋದೆ. ನಾಲ್ಕು ವಿದ್ಯುತ್ ಮಗ್ಗಗಳು ಖಟಾಖಟ್ ಬಡಿಯುತ್ತಿದ್ದವು, ಕಾಕಾ ತನ್ನ ಮಾಮೂಲಿ ಜಾಗದಲ್ಲಿ, ಗೋಡೆಗೆ ಆತುಕೊಂಡು ಚಹಾ ಕುಡಿಯುತ್ತಿದ್ದ. ಅಷ್ಟರಲ್ಲಿ ಒಂದು ಮಗ್ಗ ಗಕ್ಕನೆ ನಿಂತಿತು. ನೇಕಾರರು ಎದ್ದು ಬಂದು, ಕಾಕಾನ ತಲೆಯ ಮೇಲಿದ್ದ ಮೊಳೆಯಿಂದ ಏನನ್ನೋ ತೆಗೆದುಕೊಂಡು, ಮಗ್ಗದ ಸಂದಿಯಲ್ಲಿ ಕೈ ತೂರಿಸಿ, ಎರಡು ಸುತ್ತು ತಿರುಗಿಸಿ, ಮತ್ತೆ ಮೊಳೆಗೆ ತೂಗುಹಾಕಿದರು.

ಕಾಕಾ ಚಹಾದ ಬಸಿ ಕೆಳಗಿಟ್ಟು ಎದ್ದು ನಿಂತ.

"ಅದೇನ್ರಿ ಅದು?"

"ಪಾನಾರೀ."

"ಎಂದಿನಿಂದ ಐತಿ?"

"ನಮ್ಮಪ್ಪನ ಕಾಲದಿಂದ ಅದ ಮೊಳಿಗೇ ಐತ್ರಿ. ನೀವು ಬಂದಾಗೊಮ್ಮೆ ಅದರ ಕೆಳಗ ಕುಂತ ಚಹಾ ಕುಡೀತೀರೆಲ್ಲ!"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಮ್ಮ ಕಾಕಾ ತಲೆಯ ಮೇಲೇ ಇಟ್ಟುಕೊಂಡು ಹುಡುಕಿದ್ದ! ಪಾನಾ ಕೈಗೆ ಬಂದದ್ದೇ ತಡ, ನಟ್ಟಿಗೆ ಹಾಕಿದ, ಕೂತಿತು. ಕೆಂಪು ಪಟ್ಟಿಗೆ ಹಚ್ಚಿದ, ಸರಿಸಮ. ಧೋತರ ಸರಿಮಾಡಿಕೊಂಡು ಕಾಲು ಚಾಚಿದ, ಮಗ್ಗದ ಕೆಳಗೆ ಬಲಗೈ ತೂರಿಸಿದ, ಗಾಳಿಯಲ್ಲಿ ತಿರುಗಿಸಿದ. ನೇಕಾರರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಸೀರೆಗಳ ಅಂಚು ನೋಡತೊಡಗಿದೆ.

"ತಗೊಂಡ ಹೋಗ್ರಿ ಸಾಹುಕಾರ್ರ, ನಮ್ಮಲ್ಲಿ ಇನ್ನೊಂದು ಐತಿ" ಎಂದರು ಆ ಪುಣ್ಯಾತ್ಮರು.

ಆದರೆ ಬಿಟ್ಟಿ ಸಾಮಾನು ನಮ್ಮ ಕಾಕಾನ ಕೈಗೆ ಹತ್ತುವುದಿಲ್ಲ. ಬೇಡವೆಂದ, ಬೆಲೆ ಹೇಳಿರೆಂದ. ಅವರು ಹೇಳಲೊಲ್ಲರು. "ಹಂಗಾದ್ರ ನನ್ನ ಸಮಾಧಾನಕ್ಕ ಯಾರೂ ಒಯ್ಯಲಾರದ ಮಾಲು ಇದ್ರ ಕೊಡ್ರಿ, ರೊಕ್ಕಾ ಕೊಟ್ಟ ಒಯ್ತೀನಿ" ಎಂದುಬಿಟ್ಟ. ಇದ್ದಿತು! ಗಿಳಿಯ ರೆಕ್ಕೆಯೂ ನಾಚುವಂಥ ಹಸಿರು ಸೀರೆಗಳ ಇಡೀ ಒಂದು ಗಂಟು. ಪುಕ್ಕಟೆ ಪಾನಾ ಮನೆಗೆ ಬಂದದ್ದು ಹೀಗೆ. ಆ ವರ್ಷ ನಮ್ಮ ಬಳಗದ ಅಷ್ಟೂ ಹೆಂಗಸರು ಯಾವ ಮದುವೆಗೆ ಹೋದರೂ ಒಂದೇ ಹಸಿರು. ಮೇಯಲು ಬಿಟ್ಟ ಹೊಲದಂತೆ ಕಾಣುತ್ತಿದ್ದೆವು.

ಇಷ್ಟಾದ ಮೇಲೆ ಆ ನಟ್ಟು ಬಿಗಿಯಾಗುವುದನ್ನು ನೋಡದಿದ್ದರೆ ಹೇಗೆ? ನಾನೂ ಕಾಕಾನ ಬೆನ್ನು ಹತ್ತಿ ಖಾನಾಪುರಕ್ಕೆ ಹೋಗಿ ಉಳಿದೆ. ಮರುದಿನ ಬೆಳಿಗ್ಗೆ ನಾಷ್ಟಾ ಮುಗಿಸಿ ಹೊರಬಂದರೆ ಚಾದರ ಸರಿದಿತ್ತು, ಕಾಕಾ ಸ್ಕೂಟರಿನ ಕೆಳಗೆ ಅಂಗಾತ ಮಲಗಿದ್ದ. ಕಾಕು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕಾಲು ಚಾಚಿ ಕುಳಿತಳು. ಬಾಜು ಮನೆಯವರು ಗೋಡೆಯ ಮೇಲಿಂದ ಇಣುಕಿದರು.

"ಕೈ ಹೋಗವಲ್ದು" ಎಂದ ಕಾಕಾ, ಕೆಳಗಿನಿಂದ.

"ಈ ಕಡಿಂದ ಹಾಕ್ರಿ" ಎಂದಳು ಕಾಕು.

"ಈ ಕಡಿಂದನೂ ಹೋಗವಲ್ದು. ಹೊಟ್ಟಿ ಅಡ್ಡ ಬರತೈತಿ."

"ಊರೆಲ್ಲಾ ಅಳೀತೀರಿ, ನಿಮ್ಮ ಹೊಟ್ಟಿ ಒಂದು ಅಳ್ಕೊಳ್ಳಿಲ್ಲ!"

ಬಾಜು ಮನೆಯವರು ಹೋ ಎಂದು ನಕ್ಕರು. ಕಾಕಾ ಏದುಸಿರು ಬಿಟ್ಟ, ಹೊರಳಿದ, ನರಳಿದ, ಪಾನಾ ಎರಡು ಸಲ ಠಣ್ಣೆಂದು ಕೆಳಗೆ ಬಿತ್ತು. ಧೋತರಕ್ಕೆ ಗ್ರೀಸು, ಟೊಪ್ಪಿಗೆಗೆ ಮಣ್ಣು. ಕಾಕೂಗೆ ತಡೆಯಲಾಗಲಿಲ್ಲ. ಕೋಲು ಊರಿಕೊಂಡು ಕಟ್ಟೆ ಇಳಿದಳು, ಸೈಡ್‌ಕಾರಿನ ಹತ್ತಿರ ಬಂದಳು, ಒಂದು ಗಳಿಗೆ ನಿಂತಳು. ಅವಳ ಕೈ ಅದರ ಅಂಚನ್ನು ಹಿಡಿದು ಬಿಟ್ಟಿತು, ಮತ್ತೆ ಹಿಡಿಯಿತು.

"ಸರೀರಿ ಅತ್ತಾಗ. ತರ್ರಿ ಅದನ್ನ ಇಲ್ಲೆ."

ನನ್ನ ಹೆಗಲ ಮೇಲೆ ಭಾರ ಹಾಕಿ ಒಳಗೆ ಕುಳಿತಳು, ಎಡಗಾಲು ಚಾಚಿದಳು, ಬಲಗೈಯನ್ನು ಸಂದಿಯಲ್ಲಿ ಇಳಿಸಿದಳು. ನಟ್ಟು ಅವಳ ಕೈಗೆ ಸೀದಾ ಸಿಕ್ಕಿತು.

"ಯಾ ಕಡಿಗೆ ತಿರಗಸಬೇಕು?"

"ಗಡಿಯಾರ ತಿರಗಿಧಂಗ" ಎಂದ ಕಾಕಾ ಕೆಳಗಿನಿಂದಲೇ, ಸಣ್ಣ ದನಿಯಲ್ಲಿ.

ಕಾಕು ತುಟಿ ಕಚ್ಚಿ ತಿರುಗಿಸಿದಳು. ಇನ್ನೊಂದು ಸುತ್ತು. ಇನ್ನರ್ಧ. ಆಮೇಲೆ ಎರಡೂ ಕೈಯಿಂದ ಡಬ್ಬಿಯನ್ನು ಹಿಡಿದು ಅಲ್ಲಾಡಿಸಿದಳು, ಜಾಡಿಸಿದಳು, ಗುದ್ದಿದಳು. ಅದು ಕದಲಲಿಲ್ಲ. ಪಾನಾವನ್ನು ಸೆರಗಿನಿಂದ ಒರೆಸಿ, ಸೊಂಟದ ಕೀಲಿಕೈ ಗೊಂಚಲಿಗೆ ಸಿಕ್ಕಿಸಿಕೊಂಡಳು.

"ಏನ್ ನೋಡಾಕತ್ತೀರಿ? ಅವ್ವ ದಾರಿ ನೋಡಾಕತ್ತಿರ್ತಾಳ. ಗಾಡಿ ಚಾಲೂ ಮಾಡ್ರಿ."

ಮಣ್ಣು ಹತ್ತಿದ ಟೊಪ್ಪಿಗೆಯಲ್ಲೇ ಕಾಕಾ ಕಿಕ್ ಹೊಡೆದ. ಗಿಳಿ ಹಸಿರು ಸೀರೆಯ ಸೆರಗು ಹಾರಿಸುತ್ತ ಕಾಕು ನಂದಗಡಕ್ಕೆ ಹೊರಟಳು.

ಹೊತ್ತು ಮುಳುಗುವ ಮೊದಲೇ ಇಬ್ಬರೂ ತಿರುಗಿ ಬಂದರು. ಕಾಕೂನ ಕಣ್ಣು ಅತ್ತು ಕೆಂಪಾಗಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ. ಜ್ವರ ಬಿಟ್ಟಿತ್ತಂತೆ, ಮುದುಕಿ ಮಗಳ ಹಸಿರು ಸೀರೆ ನೋಡಿ ಬಿದ್ದು ಬಿದ್ದು ನಕ್ಕಳಂತೆ. ಅವಳನ್ನು ಒಳಗೆ ಬಿಟ್ಟು, ಚಟ್ನಿಯ ಡಬ್ಬಿ ಗಾಡಿಯಲ್ಲೇ ಉಳಿಯಿತೆಂದು ನಾನು ಹೊರಗೆ ಬಂದೆ. ಅಲ್ಲಿ ಕಾಕಾ ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ. ಕೈಯಲ್ಲಿ ಒಂದು ಮಾಮೂಲಿ ಉದ್ದ ಪಾನಾ. ಅದನ್ನು ಕೆಳಗಿನಿಂದ ಅದೇ ಸಂದಿಯಲ್ಲಿ ಸಲೀಸಾಗಿ ತೂರಿಸಿ, ನಟ್ಟನ್ನು ಒಮ್ಮೆ ಒತ್ತಿ ನೋಡುತ್ತಿದ್ದ. ಹೊಟ್ಟೆ ಎಲ್ಲಿಯೂ ಅಡ್ಡ ಬಂದಿರಲಿಲ್ಲ!

"ಕಾಕಾ!" ಎಂದೆ.

"ಶ್! ಒಳಗ ಕೇಳೀತು." ಪಾನಾವನ್ನು ಧೋತರದಲ್ಲಿ ಮುಚ್ಚಿಕೊಂಡ. "ನಟ್ಟು ಬಿದ್ದ ಮರುದಿನಾನ ಮಿಸ್ತ್ರಿ ಬಂದು ಹೊಸಾದು ಹಾಕಿ ಬಿಗಿ ಮಾಡಿ ಹೋದನವಾ. ಇವತ್ತ ಮುಂಜಾನೆ ನೀವು ನಾಷ್ಟಾಕ್ಕ ಕುಂತಾಗ ನಾನ ಎರಡು ಸುತ್ತು ಸಡ್ಲ ಮಾಡಿಟ್ಟಿದ್ದೆ."

"ಹಂಗಾದ್ರ ಇಷ್ಟ ದಿನಾ ಊರೆಲ್ಲಾ ಅಡ್ಡಾಡಿದ್ದು?"

"ಅವತ್ತು ಗಟ್ಟಿ ಐತೇನ್ರಿ ಅಂತ ಕೇಳಿದ್ಲು. ನೋಡಲಾರದ ಐತಿ ಅಂದೆ. ಮತ್ತ ಐತಿ ಅಂತ ಹೆಂಗ ಹೇಳ್ಲಿ? ನನ್ನ ಮಾತ ಸಡ್ಲ ಆಗಿತ್ತು. ಆಕಿ ಕೈಯಾಗ ಪಾನಾ ಕೊಟ್ರ ಆಕಿ ಅಂಜಿಕಿ ಹೋಗತೈತಿ ಅನಿಸ್ತು."

ಅಂಗಡಿ ಅಂಗಡಿಗಳ ನೆಲದ ಮೇಲೆ ಚಾಚಿದ್ದ ಆ ಎಡಗಾಲು ಯಾರದೆಂದು ನನಗೆ ಆಗ ಗೊತ್ತಾಯಿತು. ಕಾಕಾ ಅಲ್ಲೆಲ್ಲ ಕಾಕು ಕೂಡುವಂತೆಯೇ ಕುಳಿತು ನೋಡಿದ್ದ. "ಮತ್ತ ಆ ಕೆಂಪು ಪಟ್ಟಿ?" ಎಂದು ಕೇಳಿದೆ.

ಕಾಕಾ ಅದನ್ನು ಕಿಸೆಯಿಂದ ತೆಗೆದು ಬೆರಳಿಗೆ ಸುತ್ತಿಕೊಂಡ. "ಅದು ಗಾಡಿ ಅಳತಿ ಅಲ್ಲ. ಆಕಿ ಕೈ ಅಳತಿ. ಮಧ್ಯಾಹ್ನ ಮಲಗಿದ್ದಾಗ ತಗೊಂಡೆ. ಮಣಿಕಟ್ಟಿನಿಂದ ಬಟ್ಟಿನ ತುದಿ ತನಕ. ಅದಕ್ಕಿಂತ ಉದ್ದ ಆದ್ರ ಆಕಿಗೆ ಕೈ ಸೋಲತಿತ್ತು."

ಅಲ್ಲಿಂದ ಮುಂದೆ ನಾನು ಖಾನಾಪುರಕ್ಕೆ ಹೋದಾಗೆಲ್ಲ ಒಂದು ನೋಟ ತಪ್ಪುತ್ತಿರಲಿಲ್ಲ. ಕಾಕು ಸೈಡ್‌ಕಾರಿನಲ್ಲಿ ಕುಳಿತು, ಸೊಂಟದಿಂದ ಪಾನಾ ಬಿಚ್ಚಿ, ಸಂದಿಯಲ್ಲಿ ಕೈ ಇಳಿಸುವಳು. ಅವಳು ಹೊರಗೆ ಬರುವ ಮೊದಲೇ ನಟ್ಟು ನೋಡಿ ಬಿಗಿ ಮಾಡಿ ಮುಗಿಸಿದ್ದ ಕಾಕಾ, ಏನೂ ಗೊತ್ತಿಲ್ಲದವನಂತೆ ಹ್ಯಾಂಡಲು ಹಿಡಿದು, ಅವಳತ್ತ ತಿರುಗಿ ಕಾಯುವನು.

"ಗಟ್ಟಿ ಐತೇನು?"

"ಐತಿ, ನಡೀರಿ."

ಅವಳು ಹಾಗೆನ್ನುವವರೆಗೆ ಕಾಕಾ ಗಾಡಿ ಚಾಲೂ ಮಾಡುತ್ತಿರಲಿಲ್ಲ.